ಅಪರ್ಣಾ ಪಾಸ್ ಮಾಡದ ಸಾಲು

ಆ ಸಾಲನ್ನೂ ಅಪರ್ಣಾ ವಾಪಸ್ ಕಳಿಸಿದ್ದಳು. ಕೆಂಪು ಶಾಯಿಯಲ್ಲಿ ‘ಅರ್ಥವಾಗಲಿಲ್ಲ’ ಎಂದು ಬರೆದಿದ್ದಳು.

ನನಗೆ ತಲೆ ಕೆಟ್ಟಿತು. ಟೀ ಪೆಟ್ಟಿಗೆ ಒದ್ದೆಯಾಗಿದ್ದರೆ ಹರಾಜಿಗೆ ಕಳಿಸಬೇಡ ಎಂದು ಸರಳ ಇಂಗ್ಲಿಷಿನಲ್ಲಿತ್ತು. ಅರ್ಥವಾಗದಿರಲು ಅದರಲ್ಲೇನಿದೆ?

2004ರ ಮಾತು. ಕನ್ನಡ ನಾಡಿನಿಂದ ದೂರ, ಸೆಕ್ಟರ್ ಫೈವ್ ಎಂಬ ಐಟಿ ಬಡಾವಣೆಯ ಆಫೀಸಿನಲ್ಲಿ ನಾನೊಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೆ. ಗಿರಾಕಿ ತನಗೆ ಬೇಕಾದ್ದನ್ನು ಹೇಗೆ ಹೇಳುತ್ತಾನೋ ಪ್ರೋಗ್ರಾಮ್ ಕೂಡ ಹಾಗೇ ಓದಿಸಿಕೊಳ್ಳಬೇಕು ಎಂಬ ಹುಚ್ಚು ನನ್ನದು. ಮೊದಲ ಗಿರಾಕಿ ಒಂದು ಟೀ ಗೋದಾಮು. ಅವರ ಬೇಕು ಬೇಡಗಳನ್ನು ಕೇಳಿ ಬರೆದುಕೊಂಡು ಬಂದವಳು ಅಪರ್ಣಾ. ಅವಳಿಗೆ ಕೋಡ್ ಬಾರದು. ಅದಕ್ಕೇ ಬಂಗಾಳಿ ಮ್ಯಾನೇಜರ್ ಸೇನ್‌ದಾ ಒಂದು ನಿಯಮ ಮಾಡಿದ್ದರು. ನನ್ನ ಪ್ರತಿ ಸಾಲನ್ನೂ ಅವಳು ಓದಬೇಕು. ಅರ್ಥವಾದರೆ ಪಾಸು, ಇಲ್ಲದಿದ್ದರೆ ಅವಳನ್ನು ಪಕ್ಕ ಕೂರಿಸಿಕೊಂಡು ನಾನು ತಿದ್ದಬೇಕು.

ಮೊದಮೊದಲು ಎಲ್ಲವೂ ಪಾಸಾದವು. ಆಮೇಲೆ ಅದೇನಾಯಿತೋ, ಸುಲಭದ ಸಾಲುಗಳೇ ಫೇಲಾಗತೊಡಗಿದವು.

ಅಪರ್ಣಾ ಝಾಲ್‌ಮುರಿಯ ಖಾರ ಮಂಡಕ್ಕಿ ಪೊಟ್ಟಣ ಹಿಡಿದು ಬಂದು ಕುರ್ಚಿ ಎಳೆದುಕೊಂಡಳು.

“ಕಳಿಸ್ಬೇಡ ಅಂದ್ರೆ, ಮತ್ಲಬ್, ಕಳಿಸೋದೇ ಇಲ್ವಾ?”

“ಕಳಿಸೋದೇ ಇಲ್ಲ ಕಣ್ರೀ!”

“ಅಚ್ಛಾ. ಇನ್ನೊಂದ್ ಸಲ ಹೇಳ್ತೀರಾ?”

ಅವಳ ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ. ಅಣಕಿಸುತ್ತಿದ್ದಾಳೋ, ನಿಜಕ್ಕೂ ತಿಳಿಯುತ್ತಿಲ್ಲವೋ? ಅವಳ ಬಳೆ ಕೀಬೋರ್ಡಿಗೆ ತಗುಲಿದರೆ ಸಾಕು, ನಾನು ಕಟ್ಟಿದ ಭಾಷೆ ನನಗೇ ಮರೆತುಹೋಗುತ್ತಿತ್ತು. ನಾನು ಮೆಚ್ಚಿದ ಹುಡುಗಿಗೇ ಅರ್ಥವಾಗದ್ದು ಗೋದಾಮಿನ ಗುಮಾಸ್ತರಿಗೆ ಅರ್ಥವಾದೀತೇ?

ಶುಕ್ರವಾರ ಸೇನ್‌ದಾ ಮೀಟಿಂಗ್ ಕರೆದರು.

“ರಾಘವ್, ಅರ್ಧಕ್ಕರ್ಧ ಫೇಲ್. ಓದಲಾಗದ ಭಾಷೆ ಯಾಕೆ ಬೇಕು? ಸೋಮವಾರದಿಂದ ಎಲ್ಲ ಮಾಮೂಲಿ ಜಾವಾ ಭಾಷೆಯಲ್ಲಿ.”

ಎರಡು ವರ್ಷದ ಶ್ರಮ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಗಿತ್ತು.

ಅಪರ್ಣಾ ಎದ್ದು ನಿಂತಳು. “ಒಂದು ಸಾಲೂ ಫೇಲ್ ಅಲ್ಲ, ಸೇನ್‌ದಾ. ಎಲ್ಲ ಮೊದಲ ಓದಿಗೇ ಅರ್ಥವಾಗಿದ್ದವು.” ಹಾಳೆ ಎತ್ತಿಕೊಂಡು ಒಂದೊಂದೇ ಸಾಲು ಓದಿ ವಿವರಿಸಿದಳು. ಎಲ್ಲೂ ತಡವರಿಸಲಿಲ್ಲ.

“ಮತ್ತೆ ಈ ಕೆಂಪು ಶಾಯಿ?”

ಅವಳು ನನ್ನ ಕಡೆ ತಿರುಗಿದಳು. ಅಲ್ಲಿ ನಮ್ಮಿಬ್ಬರಿಗಷ್ಟೇ ಬರುತ್ತಿದ್ದ ಕನ್ನಡದಲ್ಲಿ ಮೆಲ್ಲಗೆ, “ಪಾಸ್ ಮಾಡಿದ್ರೆ ನಿಮ್ ಪಕ್ಕ ಹೇಗೆ ಕೂರ್ಲಿ?” ಎಂದಳು.

ನನ್ನ ಮುಖ ನೋಡಿದ ಸೇನ್‌ದಾಗೆ ಅನುವಾದ ಬೇಕಾಗಲಿಲ್ಲ. ಭಾಷೆ ಉಳಿಯಿತು. ಆದರೆ ಅಪರ್ಣಾಳನ್ನು ಅವರು ಆ ಕ್ಷಣವೇ ಬೇರೆ ಪ್ರಾಜೆಕ್ಟಿಗೆ ಹಾಕಿದರು.

ಸಂಜೆ ಬಸ್‌ಸ್ಟಾಪಿಗೆ ಓಡಿದೆ. ಎಸ್ಪ್ಲನೇಡ್ ಬಸ್ಸಿನ ಕಿಟಕಿಯಲ್ಲಿ ಅವಳಿದ್ದಳು. ಅತ್ತಿದ್ದಳೆಂದು ಕಾಣುತ್ತಿತ್ತು.

“ನಿಮ್ ಮನೆ ಜಾದವ್‌ಪುರದಲ್ಲಲ್ವಾ? ಇದು ಬೇರೆ ಕಡೆ ಹೋಗೋ ಬಸ್ಸು.”

“ಹೌದು. ಆದ್ರೆ ನಂಗೆ ನೀವಂದ್ರೆ ತುಂಬಾ ಇಷ್ಟ, ಅಷ್ಟು ಗೊತ್ತು. ಈ ಬಸ್ಸಲ್ಲಿ ಎಲ್ಲಿಗ್ ಹೋಗ್ಬೇಕು ಅಂತ ಮಾತ್ರ ಗೊತ್ತಿಲ್ಲ.”

ಹೊರಡೋಣವೆಂದು ಕಂಡಕ್ಟರ್ ಬಸ್ಸಿನ ಬದಿಗೆ ಬಡಿದ. ಅವಳು ಸೀಟಿನ ಮೇಲಿದ್ದ ಚೀಲವನ್ನು ತೊಡೆಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.