ಕುದುರೆ ಲಾಯದ ಮುದುಕ

ಬಾಗಿಲು ತೆರೆದವಳು ಹಾಗೆಯೇ ನಿಂತುಬಿಟ್ಟಳು. ಎದುರಿಗೆ ಗಂಡ!

"ಸ್ಪ್ಯಾನರ್ ಸೆಟ್ಟು ಬಿಟ್ಟು ಹೋಗಿದ್ದೆ..." ಎಂದ ಅವನು, ಅವಳ ಮುಖ ನೋಡದೆ. ಲಿಫ್ಟ್ ರಿಪೇರಿ ಅವನ ಕೆಲಸ. ಜಗಳವಾಡಿ ಅಕ್ಕನ ಮನೆ ಸೇರಿದ್ದ.

ಅವಳ ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ.

ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಅವಳು ಹೀಗೆಯೇ. ಹೊಲಿಗೆ ಅಂಗಡಿಯಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ, ಬಟ್ಟೆಗೆ ರಕ್ತ ಅಂಟಿದ ಮೇಲೇ ಗೊತ್ತಾಗುತ್ತಿತ್ತು. ಕಣ್ಣೀರಂತೂ ಒಂದು ಹನಿಯೂ ಬಂದಿರಲಿಲ್ಲ. ಮನೆಗೆ ಬಂದರೆ ಟಿವಿ ಮುಂದೆ ಕೂತುಬಿಡುವಳು. ಅದೊಂದು ಚೀನೀ ರಾಜರ ಕಾಲದ ಸೀರಿಯಲ್ಲು, ಹನುಮಂತನ ಬಾಲದಷ್ಟು ಉದ್ದ! ಒಬ್ಬರನ್ನು ಬಿಟ್ಟು ಒಬ್ಬರು ಮುಂದಿನ ಕಂತು ನೋಡಕೂಡದು ಎಂದು ಗಂಡ ಹೆಂಡತಿ ಆಣೆ ಇಟ್ಟುಕೊಂಡಿದ್ದರು.

"ಅಳೋದೂ ಇಲ್ಲ, ಮಾತೂ ಇಲ್ಲ. ನಿನಗೆ ಆ ರಾಣಿಯರೇ ಸಾಕು, ನಾನ್ಯಾಕೆ?" ಎಂದು ರೇಗಿ ಅವನು ಹೊರಟುಹೋಗಿದ್ದ.

ನಿನ್ನೆ ಟಿವಿ ಹಾಕಿದರೆ, ಆ್ಯಪ್‌ನಲ್ಲಿ ಇಬ್ಬರದೂ ಒಂದೇ ಅಕೌಂಟಲ್ಲವೇ, ಸೀರಿಯಲ್ಲು ಎಷ್ಟೋ ಮುಂದೆ ಓಡಿತ್ತು.

'ನನ್ನನ್ನು ಬಿಟ್ಟು ನೋಡಿದರು... ಹಾಗಾದರೆ ನಾನು ಬೇಡವಾದೆ.'

ಅದೊಂದೇ ಸ್ವಲ್ಪ ಚುಚ್ಚಿತ್ತು.

"ರಾಣಿ ಗೆದ್ದಳಾ?" ಎಂದು ಕೇಳಿದಳು.

"ನನಗೇನು ಗೊತ್ತು?"

"ಮುಂದೆ ನೋಡಿದ್ದೀರಲ್ಲ!"

"ನಿನ್ನಾಣೆಗೂ ಇಲ್ಲ! ಅಕ್ಕನ ಟಿವಿಗೆ ನಮ್ಮ ಅಕೌಂಟ್ ಹಾಕ್ಕೊಟ್ಟಿದ್ದೇ ತಪ್ಪಾಯ್ತು. ಅವಳು ಊಟ ತಿಂಡಿ ಬಿಟ್ಟು ನೋಡ್ತಾಳೆ. ನಾನು ಕಿವಿಗೆ ಹತ್ತಿ ತುರುಕ್ಕೊಂಡು ಅಡುಗೆಮನೇಲಿ ಕೂತಿರ್ತೀನಿ ಕಣೇ. ಭಾವ ಅಂತೂ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾರೆ!"

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಬನ್ನಿ. ಬಿಟ್ಟಲ್ಲಿಂದ ಹಾಕ್ತೀನಿ."

ಸೋಫಾದಲ್ಲಿ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ತೆರೆಯ ಮೇಲೆ ರಾಣಿಗೆ ವಿಷವಿಕ್ಕಿದರು. ಸೇನಾಪತಿಯ ತಲೆ ಹೋಯಿತು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

ಆಮೇಲೆ ಕುದುರೆ ಲಾಯದ ಮುದುಕ ಸತ್ತ. ಇಡೀ ಕಥೆಯಲ್ಲಿ ಅವನಿಗೆ ನಾಲ್ಕು ಮಾತೂ ಇರಲಿಲ್ಲ. ಹುಲ್ಲಿನ ಮೇಲೆ ಒರಗಿದವನು ಏಳಲಿಲ್ಲ, ಅಷ್ಟೇ. ಅರಮನೆಯಲ್ಲಿ ಯಾರೂ ಅವನನ್ನು ಕೇಳಲಿಲ್ಲ.

ಇದ್ದಕ್ಕಿದ್ದಂತೆ ಅವಳು ಬಿಕ್ಕಿದಳು. ಆಮೇಲೆ ತಡೆಯಲಾಗಲಿಲ್ಲ.

"ಏನೇ ಇದು... ಆ ಮುದುಕನಿಗಾ?"

"ಹೂಂ... ಪಾಪ, ಅವನಿಗೋಸ್ಕರ ಯಾರೂ ಅಳಲಿಲ್ಲ ರೀ... ನಮ್ಮ ಕೂಸಿಗೂ... ನಾನೂ ಅಳಲಿಲ್ಲ..."

ಅವನು ನಡುವಿನ ಜಾಗ ದಾಟಿ ಬಂದು ಅವಳನ್ನು ಅಪ್ಪಿಕೊಂಡ. ಅವನ ಕೆನ್ನೆಯೂ ಒದ್ದೆಯಾಗಿತ್ತು.

"ಅಳು. ನಾನೂ ಅತ್ತಿರಲಿಲ್ಲ ಕಣೇ. ನಿನ್ನ ಬಿಟ್ಟು ಒಬ್ಬನೇ ಹೇಗೆ ಅಳಲಿ ಅಂತ..."

ಸೀರಿಯಲ್ಲು ತನ್ನ ಪಾಡಿಗೆ ಮುಂದಿನ ಕಂತಿಗೆ ಹೋಯಿತು. ಇಬ್ಬರೂ ನೋಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಕೇಳಿದಳು:

"ಸ್ಪ್ಯಾನರ್ ಸೆಟ್ಟು ಎಲ್ಲಿಟ್ಟಿದ್ರಿ? ನನಗೆ ಕಾಣಲೇ ಇಲ್ಲ."

"ನನ್ನ ಬ್ಯಾಗಲ್ಲೇ ಇದೆ ಕಣೇ."