ಹಿಂಬಾಗಿಲಿನ ಒಂಬತ್ತು ಬೀಗಗಳು

ಮಂಗಳವಾರ, ಹನ್ನೆರಡನೇ ತಾರೀಕು. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮದ್ಯದಂಗಡಿಯ ಸಾಹುಕಾರರು ಠಾಣೆಗೆ ಬಂದರು. ಕೈಯಲ್ಲಿದ್ದ ಚೀಲವನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸುರಿದರು. ಒಂಬತ್ತು ಬೀಗಗಳು ಉದುರಿದವು. ಆಮೇಲೆ ತಾವೇ ಕುರ್ಚಿ ಎಳೆದುಕೊಂಡು ಕೂತರು. ಠಾಣೆಯಲ್ಲಿ ಅವರಿಗೆ ಅಷ್ಟು ಸಲಿಗೆ ಇತ್ತು. ಮೂಲೆಯ ಕುಡಿಯುವ ನೀರಿನ ಯಂತ್ರದ ಮೇಲೆ ‘ಕೊಡುಗೆ’ ಎಂದು ಅವರ ಅಂಗಡಿಯ ಹೆಸರೇ ಇತ್ತು.

“ಯಾರೋ ಬೀಗದ ತೂತಿಗೆ ಏನೋ ತುಂಬಿ ಹೋಗ್ತಾರೆ ಸರ್. ಕಲ್ಲಾಗಿಬಿಡತ್ತೆ. ಹನ್ನೊಂದು ದಿನದಲ್ಲಿ ಒಂಬತ್ತು ಬೀಗ ಹೋಯ್ತು. ಎರಡು ಭಾನುವಾರ ಮಾತ್ರ ಬಿಟ್ಟಿದಾರೆ.”

“ಯಾವ ಬಾಗಿಲು?”

“ಹಿಂದಿನದು. ಗೋದಾಮಿನದು.”

“ಮುಂದಿನ ಶಟರ್?”

“ಅದನ್ನ ಮುಟ್ಟೇ ಇಲ್ಲ.”

“ಇವತ್ತು ನೋಡಿದ್ದು ಎಷ್ಟು ಹೊತ್ತಿಗೆ?”

“ಆರು ಗಂಟೆ ಐದು ನಿಮಿಷಕ್ಕೆ.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ರ ಪೆನ್ನು ಅಲ್ಲೇ ನಿಂತಿತು. ಅವರಿಗೆ ಐವತ್ತೆಂಟು ವರ್ಷ, ಠಾಣೆಯಲ್ಲಿ ಎಲ್ಲರಿಗೂ ದಫೇದಾರರು. ಮದ್ಯದಂಗಡಿ ಬೆಳಿಗ್ಗೆ ಹತ್ತಕ್ಕೆ ಮುಂಚೆ ತೆರೆಯಬಾರದೆಂಬ ಕಾನೂನು ಅವರಿಗೆ ಬಾಯಿಪಾಠ. ಆ ಹಿಂಬಾಗಿಲು ಆರಕ್ಕೇ ತೆರೆಯುತ್ತದೆಂಬುದೂ ಅಷ್ಟೇ ಬಾಯಿಪಾಠ.

“ಆರಕ್ಕೆ ಯಾಕೆ ಹೋಗಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಕಸ ಗುಡಿಸೋಕೆ.”

“ದಿನಾ ನೀವೇ ಗುಡಿಸ್ತೀರಾ?”

“ನಮ್ಮಂಗಡಿ ನಾವೇ ಗುಡಿಸಬೇಕಲ್ಲ ಸರ್.”

“ಬರ್ಕೊಳ್ಳಿ ದಫೇದಾರ್ರೇ. ಆರು ಗಂಟೆ ಐದು ನಿಮಿಷ, ಕಸ ಗುಡಿಸಲು.”

ಸಾಹುಕಾರರು ಓದಿ ನೋಡದೆ ಸಹಿ ಹಾಕಿದರು. ಆಸ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಹೊರಡುವ ಮುನ್ನ ಅವರು ಬಗ್ಗಿ, ಬಸ್ ನಿಲ್ದಾಣದ ಪಕ್ಕದ ಸಣ್ಣ ಮದ್ಯದಂಗಡಿಯವಳ ಮೇಲೆ ತಮಗೆ ಅನುಮಾನವಿದೆ ಎಂದರು.

11.30ಕ್ಕೆ ಪಂಚನಾಮೆ. ಅಂಗಡಿಯ ಹಿಂದಿನ ಓಣಿ ಒಬ್ಬರೇ ನಡೆಯುವಷ್ಟು ಅಗಲ. ಕಬ್ಬಿಣದ ಬಾಗಿಲು. ಎದುರಿನ ಗೋಡೆಗೆ ಜನ ಒರಗಿ ಒರಗಿ ಭುಜದ ಎತ್ತರದಲ್ಲಿ ಸುಣ್ಣ ಹೋಗಿತ್ತು. ಕೆಳಗೆ ಕಾಗದದ ಲೋಟಗಳ ರಾಶಿ. ದಿನಾ ಗುಡಿಸುವ ಜಾಗದಲ್ಲಿ ಇಷ್ಟು ಕಸ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಬಾಗಿಲ ಮೇಲಿದ್ದ ಕ್ಯಾಮೆರಾ ಗೋಡೆಯ ಕಡೆ ಮುಖ ಮಾಡಿತ್ತು. ಅದನ್ನು ಯಾರು ತಿರುಗಿಸಿದರೆಂದು ಕೇಳಿದರೆ, ಸಾಹುಕಾರರು ತಲೆ ಕೆರೆದುಕೊಂಡು, ಗಿರಾಕಿಗಳಿಗೆ ಮುಜುಗರವಾಗುತ್ತಿತ್ತು ಎಂದರು.

ಪಂಚನಾಗಿ ಸಹಿ ಹಾಕಲು ಬಂದ ಬೀಗ ರಿಪೇರಿಯವನು ಬೀಗವೊಂದನ್ನು ಬಿಡಿಸಿ ತೋರಿಸಿದ. ಒಳಗೆ ಗುಲಾಬಿ ಬಣ್ಣದ, ಗಟ್ಟಿಯಾದ, ನುಣುಪಾದ ಪದಾರ್ಥ.

“ಇದು ಅಂಗಡೀಲಿ ಸಿಗೋ ಗೋಂದಲ್ಲ ಸರ್. ಗರಗಸ ಹಾಕಿದ್ರೂ ಬಗ್ಗಲ್ಲ.”

“ನಿನ್ನನ್ನ ದಿನಾ ಎಷ್ಟು ಹೊತ್ತಿಗೆ ಕರೀತಾರೆ?”

“ಆರೂವರೆಯಿಂದಾನೇ ಫೋನು. ಆದ್ರೆ ನಾನು ಅಂಗಡಿ ತೆಗೆಯೋದೇ ಹತ್ತಕ್ಕೆ. ಅದಕ್ಕೆ ಮುಂಚೆ ಬಂದ್ರೆ ಮನೆಯವಳು ಬಿಡಬೇಕಲ್ಲ.”

“ಹಾಗಾದ್ರೆ ಈ ಬಾಗಿಲೂ ಹತ್ತರ ಮೇಲೇ ತೆರೆಯುತ್ತೆ?”

“ಈ ಹನ್ನೊಂದು ದಿನದಿಂದ, ಹೌದು.”

ಇನ್‌ಸ್ಪೆಕ್ಟರ್ ಒಂದು ಕ್ಷಣ ಬಾಗಿಲನ್ನೇ ನೋಡಿದರು. ಕಳ್ಳತನವಿಲ್ಲ, ಒಂದು ಗಾಜೂ ಒಡೆದಿಲ್ಲ. ಆದ ನಷ್ಟವೆಂದರೆ ಆರರಿಂದ ಹತ್ತರವರೆಗಿನ ನಾಲ್ಕು ಗಂಟೆ, ಅದೂ ಕಾನೂನಿನ ಪ್ರಕಾರ ಸಾಹುಕಾರರದಲ್ಲದ ನಾಲ್ಕು ಗಂಟೆ.

12.45ಕ್ಕೆ ಬಸ್ ನಿಲ್ದಾಣದ ಅಂಗಡಿಯವಳ ವಿಚಾರಣೆ. ಅರವತ್ತು ದಾಟಿದ ಹೆಂಗಸು. ಕಳೆದ ತಿಂಗಳು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಎರಡು ಬಾಟಲಿ ಮಾರಿದ್ದಕ್ಕೆ ಅವಳ ಅಂಗಡಿಯನ್ನು ಮೂರು ದಿನ ಮುಚ್ಚಿಸಿದ್ದರು. ಮುಚ್ಚಿಸಿದ್ದು ಇದೇ ದಫೇದಾರರು. ಫೋನು ಮಾಡಿ ದೂರಿದ್ದು ಇದೇ ಸಾಹುಕಾರರು.

“ಬೀಗಕ್ಕೆ ನೀವು ಏನಾದ್ರೂ ತುಂಬಿದ್ರಾ ಅಮ್ಮ?”

“ನಂಗೆ ಆ ಬುದ್ಧಿ ಹೊಳೀಲಿಲ್ಲಪ್ಪ.” ಅವಳು ದಫೇದಾರರ ಕಡೆ ತಿರುಗಿದಳು. “ನನ್ನಂಗಡಿಗೆ ಬಂದಾಗ ನಿಮ್ಮ ಗಡಿಯಾರ ಚೆನ್ನಾಗೇ ಓಡ್ತಿತ್ತಲ್ಲ. ಆ ಓಣಿಗೆ ಹೋದ್ರೆ ನಿಂತುಹೋಗತ್ತಾ?”

ದಫೇದಾರರು ವಾಚಿದ್ದ ಕೈಯನ್ನು ಹಿಂದಕ್ಕೆ ಸರಿಸಿದರು. ರಾತ್ರಿ ಅವಳು ಊರಿನ ಆಚೆ ತುದಿಯ ಮಗಳ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟೇ ಈ ಕಡೆ ಬರುತ್ತಾಳೆಂದು ಖಾತ್ರಿಯಾಯಿತು. ಅವಳನ್ನು ಕೈಬಿಟ್ಟರು.

2.10ಕ್ಕೆ ಠಾಣೆಯಲ್ಲಿ ಊಟ ಮುಗಿಯಿತು. ದಫೇದಾರರು ಎಂದಿನಂತೆ ನಲ್ಲಿಯ ಹತ್ತಿರ ಹೋಗಿ, ಬಾಯಿಂದ ಹಲ್ಲುಸೆಟ್ ತೆಗೆದು ತೊಳೆಯುತ್ತ ನಿಂತರು. ತೊಳೆಯುತ್ತಿದ್ದ ಕೈ ತಡೆಯಿತು. ಹಲ್ಲುಸೆಟ್ಟನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದು ಬೀಗದ ಪಕ್ಕದಲ್ಲಿಟ್ಟರು. ಒಸಡಿನ ಗುಲಾಬಿಯೂ ಬೀಗದೊಳಗಿನ ಗುಲಾಬಿಯೂ ಒಂದೇ.

“ಇದು ಹಲ್ಲುಸೆಟ್ ಮಾಡೋ ಪುಡಿ ಸರ್,” ಎಂದರು. ಸೆಟ್ ಇಲ್ಲದ ಬಾಯಲ್ಲಿ ಮಾತು ಅರ್ಧ ಗಾಳಿಯಾಗಿ ಬಂತು. ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ದಫೇದಾರರು ನಗಲಿಲ್ಲ. “ಊರಲ್ಲಿ ಸೆಟ್ ಮಾಡೋರು ಒಬ್ಬರೇ, ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿರೋ ಹುಡುಗಿ. ನನ್ನದನ್ನ ಮಾಡಿದ್ದೂ ಆ ಹುಡುಗೀನೇ.”

3.15. ಹಲ್ಲಿನ ಡಾಕ್ಟರ ಕೋಣೆಯ ಹಿಂದೆ ಚಿಕ್ಕದೊಂದು ಕೆಲಸದ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರ್ ದವಡೆಗಳು, ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ಬರೆದ ಸಂಖ್ಯೆ. ಮೂಗಿಗೆ ಅಡರುವ ವಾಸನೆ. ಮೂವತ್ತೈದರ ಹೆಂಗಸು ಸೆಟ್ಟೊಂದನ್ನು ಉಜ್ಜುತ್ತ ಕೂತಿದ್ದಳು. ಬಾಗಿಲಲ್ಲಿ ಮಹಿಳಾ ಕಾನ್‌ಸ್ಟೇಬಲನ್ನು ಕಂಡ ಕೂಡಲೇ ಯಂತ್ರ ನಿಲ್ಲಿಸಿದಳು.

“ಸೆಟ್ ಚುಚ್ಚುತ್ತಾ ಇದೆಯಾ ದಫೇದಾರ್ ಅಣ್ಣ?” ಎಂದಳು. ಆದರೆ ಅದು ಕೇಳಬೇಕೆಂದು ಕೇಳಿದ ಮಾತಾಗಿರಲಿಲ್ಲ.

ಇನ್‌ಸ್ಪೆಕ್ಟರ್ ಬೀಗವನ್ನು ಮೇಜಿನ ಮೇಲಿಟ್ಟರು. “ಇದು ನಿಮ್ಮ ಕೆಲಸಾನಾ?”

“ಹೌದು.”

“ಹೇಗೆ ಮಾಡಿದ್ರಿ?”

“ಪುಡಿಗೆ ದ್ರವ ಕಲಸಿ, ಸೂಜಿ ಇಲ್ಲದ ಸಿರಿಂಜಲ್ಲಿ ತುಂಬಿದೆ. ಹಾಲು ತರೋಕೆ ಹೋಗ್ತೀನಲ್ಲ, ಐದೂವರೆಗೆ, ಆವಾಗ. ಹತ್ತು ನಿಮಿಷಕ್ಕೆ ಗಟ್ಟಿಯಾಗತ್ತೆ.”

“ಯಾಕೆ?”

ಅವಳು ಮೇಜಿನ ಖಾನೆ ಎಳೆದು ಒಂದು ಕಡತ ತೆಗೆದು ಕೊಟ್ಟಳು. ಅದರಲ್ಲಿ ಏಳು ಅರ್ಜಿಗಳು, ಪ್ರತಿಯೊಂದಕ್ಕೂ ಠಾಣೆಯ ಮುದ್ರೆ. ಅಂಗಡಿಯ ಹಿಂಬಾಗಿಲು ಬೆಳಿಗ್ಗೆ ಆರಕ್ಕೇ ತೆರೆಯುತ್ತಿದೆ, ಕಾನೂನಿನಂತೆ ಹತ್ತಕ್ಕೆ ತೆರೆಯುವ ಹಾಗೆ ಮಾಡಿ ಎಂಬ ಒಂದೇ ಬೇಡಿಕೆ. ಪ್ರತಿಯೊಂದರ ಅಂಚಿನಲ್ಲಿ ‘ಪರಿಶೀಲಿಸಿ’ ಎಂಬ ಬರಹ, ಇನ್‌ಸ್ಪೆಕ್ಟರರ ಸಹಿ. ಜೊತೆಗೆ ಠಾಣೆ ಕೊಟ್ಟ ಏಳು ಉತ್ತರಗಳು. ‘ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಭೇಟಿ ನೀಡಲಾಗಿ ಅಂಗಡಿಯು ನಿಯಮಾನುಸಾರ ನಡೆಯುತ್ತಿರುವುದು ಕಂಡುಬಂದಿದೆ.’ ಕೆಳಗೆ ದಫೇದಾರರ ಸಹಿ.

ಆರು ಗಂಟೆಯ ದೂರಿಗೆ ಏಳು ಸಲವೂ ಹನ್ನೊಂದಕ್ಕೆ ಹೋಗಿ ಬಂದಿದ್ದರು.

“ನಮ್ಮನೆಯವರು ಸಿಟಿ ಬಸ್ ಡ್ರೈವರು,” ಎಂದಳು. “ಆರೂಮುಕ್ಕಾಲಿಗೆ ಡಿಪೋದಲ್ಲಿ ಬಾಯಿ ಪರೀಕ್ಷೆ. ಎರಡು ಸಲ ಸಿಕ್ಕಿಬಿದ್ದಿದಾರೆ. ಇನ್ನೊಂದು ಸಲ ವಾಸನೆ ಬಂದ್ರೆ ಕೆಲಸ ಹೋಯ್ತು, ಕೊನೇ ನೋಟಿಸು ಬಂದಿದೆ. ಪರೀಕ್ಷೆ ಮಾಡೋರು ಒಂದಿನ ಮರೆತ್ರೆ ಅದು ಇನ್ನೂ ಭಯ. ಬಸ್ಸಲ್ಲಿ ಜನ ಕೂತಿರ್ತಾರಲ್ಲ.”

“ಚಿಕಿತ್ಸೆ ಕೊಡಿಸಿಲ್ವಾ?”

“ನಡೀತಾ ಇದೆ. ಮಾತ್ರೆ ತಗೊಳ್ತಾರೆ. ಬೆಳಗಿನ ಹೊತ್ತು ದಾಟಿಸಿದ್ರೆ ದಿನ ದಾಟತ್ತೆ ಅಂತ ಡಾಕ್ಟರ್ ಹೇಳಿದಾರೆ. ಸಂಜೆಗೆ ನಾನಿರ್ತೀನಿ, ಭಾನುವಾರ ಇಡೀ ದಿನ ಇರ್ತೀನಿ. ಆ ಒಂದು ಗಂಟೆ ಮಾತ್ರ ನನ್ನ ಕೈಲಿಲ್ಲ.”

“ಬೇರೆ ದಾರೀಲಿ ಡಿಪೋಗೆ ಹೋಗಬಹುದಲ್ಲ?”

“ತೆರೆದಿದೆ ಅಂತ ಗೊತ್ತಿದ್ರೆ ಯಾವ ದಾರೀಲಿ ಹೋದ್ರೂ ಕಾಲು ಅಲ್ಲಿಗೇ ತಿರುಗತ್ತೆ ಸರ್. ನಾನು ಅಂಗಡಿ ಮುಚ್ಚಿಸಿ ಅಂತ ಕೇಳ್ಲಿಲ್ಲ. ಹತ್ತಕ್ಕೆ ತೆಗೀಲಿ ಅಂದೆ. ಹತ್ತಕ್ಕೆ ಅವರು ಬಸ್ ಓಡಿಸ್ತಾ ಇರ್ತಾರೆ.”

ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಆದರೂ ಒಂಬತ್ತು ಬೀಗ ಹಾಳಾದದ್ದು ಸುಳ್ಳಲ್ಲ. ಪುಡಿಯ ಡಬ್ಬಿ, ದ್ರವದ ಬಾಟಲಿ, ಸಿರಿಂಜ್ ವಶಪಡಿಸಿಕೊಂಡು, 4.05ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಮೂಲಕ ಅವಳನ್ನು ಬಂಧಿಸಿದರು. ಜೀಪು ಹತ್ತುವಾಗ ದಫೇದಾರರು ಅವಳ ಚೀಲ ಹಿಡಿದುಕೊಂಡರು.

“ನಾನು ಹನ್ನೊಂದಕ್ಕೆ ಹೋಗಬಾರದಿತ್ತಮ್ಮ,” ಎಂದರು ಮೆಲ್ಲಗೆ.

“ಗೊತ್ತಿದ್ದೇ ಹೋಗಿದ್ರಿ ಅಣ್ಣ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದಫೇದಾರರಿಗೆ ಹಗುರಾಗುತ್ತಿತ್ತು.

ವಿಷಯ ತಿಳಿದು ಸಾಹುಕಾರರು ಧನ್ಯವಾದ ಹೇಳಲು ಬಂದರು. ಅವರ ಕೈಗೆ ನೋಟಿಸು ಬಂತು. ಓಣಿಯ ಪಂಚನಾಮೆಯೂ ಬೀಗ ರಿಪೇರಿಯವನ ಹೇಳಿಕೆಯೂ ಸೇರಿ, ಹೊತ್ತಿಗೆ ಮುಂಚೆ ಮಾರಿದ್ದಕ್ಕೆ ಅವರ ಮೇಲೇ ಇನ್ನೊಂದು ಪ್ರಕರಣ ತಯಾರಾಗಿತ್ತು.

“ನಾನು ದೂರು ಕೊಡೋಕೆ ಬಂದವನು ಸರ್.”

“ಕೊಟ್ಟಿದ್ದೀರಲ್ಲ. ಆರು ಗಂಟೆ ಐದು ನಿಮಿಷ, ನಿಮ್ಮದೇ ಸಹಿ ಇದೆ.”

ಸಾಹುಕಾರರು ಅಲ್ಲೇ ನಿಂತು ಮೂರು ಕಡೆ ಫೋನು ಮಾಡಿದರು. ಅದರಲ್ಲಿ ಒಂದು, ಮೇಲಿನವರ ಫೋನಾಗಿ ಇನ್‌ಸ್ಪೆಕ್ಟರಿಗೇ ತಿರುಗಿ ಬಂತು. ಇನ್‌ಸ್ಪೆಕ್ಟರ್ ಅದನ್ನು ಎತ್ತಲಿಲ್ಲ.

5.20ಕ್ಕೆ ಅವಳ ಗಂಡ ಬಂದ. ಪಾಳಿ ಮುಗಿಸಿ ಖಾಕಿಯಲ್ಲೇ ಓಡಿ ಬಂದಿದ್ದ. ಜಾಮೀನು ಸಿಗುವ ಅಪರಾಧ. ಮುಚ್ಚಳಿಕೆಗೆ ಅವನ ಸಹಿ ಬೇಕಿತ್ತು. ಎಡಗೈಯಿಂದ ಬಲಗೈ ಒತ್ತಿ ಹಿಡಿದು ಬರೆದ.

“ಇವರು ಮಾಡ್ತಿದ್ದದ್ದು ನಿಮಗೆ ಗೊತ್ತಿತ್ತಾ?”

“ಇಲ್ಲ ಸರ್.” ಅವನು ಬೆಂಚಿನ ಮೇಲಿದ್ದ ಹೆಂಡತಿಯನ್ನು ನೋಡಲಿಲ್ಲ. “ನಾನು ಒಂಬತ್ತು ದಿನಾನೂ ಹೋಗಿದ್ದೆ. ಸಾಹುಕಾರರು ಬೀಗದ ಜೊತೆ ಗುದ್ದಾಡ್ತಾ ಇರೋರು. ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿರ್ತಿದ್ವಿ. ವಾಚ್ ನೋಡಿ ನೋಡಿ, ಕೊನೆಗೆ ಡಿಪೋಗೆ ಹೋಗಿಬಿಡ್ತಿದ್ದೆ. ಇವಳಿಗೆ ಮಾತ್ರ, ನಾನೇ ಬಿಟ್ಟೆ ಅಂತ ಹೇಳಿದ್ದೆ.”

ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು.

ಕಾಗದ ಹಿಂದಿರುಗಿಸಿದ ಮೇಲೂ ಅವನು ಹೊರಡಲಿಲ್ಲ. ಕೇಸಿನ ಬಗ್ಗೆಯೋ ಕೋರ್ಟಿನ ಬಗ್ಗೆಯೋ ಕೇಳುತ್ತಾನೆಂದು ಇನ್‌ಸ್ಪೆಕ್ಟರ್ ಕಾದರು.

“ಸರ್, ನಾಳೆ ಬೆಳಿಗ್ಗೆ ಆ ಬಾಗಿಲು ತೆಗೀತಾರಾ?”

ಆಸೆಯಿಂದ ಕೇಳುತ್ತಿದ್ದಾನೋ ಹೆದರಿಕೆಯಿಂದಲೋ ಹೇಳಲಾಗುತ್ತಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

“ತೆಗೆಯಲ್ಲ,” ಎಂದರು ಇನ್‌ಸ್ಪೆಕ್ಟರ್. “ಆರಕ್ಕೆ ನಾನೇ ಅಲ್ಲಿರ್ತೀನಿ.”

ಅವನು ತಲೆಯಾಡಿಸಿ, ಹೆಂಡತಿಯ ಚೀಲ ತೆಗೆದುಕೊಂಡ. ಇಬ್ಬರೂ ಹೋದ ಮೇಲೆ ದಫೇದಾರರು ಕೇಸ್ ಡೈರಿ ತೆರೆದು, ಅಪರಾಧದ ಕಾರಣ ಏನೆಂದು ಬರೆಯಲಿ ಎಂದರು. ಇನ್‌ಸ್ಪೆಕ್ಟರ್ ಹೇಳಿದರು: “ಇದೇ ಠಾಣೆಗೆ ಏಳು ಅರ್ಜಿ ಕೊಟ್ಟರೂ ಕ್ರಮ ಆಗಲಿಲ್ಲ. ಅಷ್ಟೇ ಬರೀರಿ.”

“ಇದು ಮೇಲಿನವರ ಕಣ್ಣಿಗೆ ಬೀಳತ್ತೆ ಸರ್. ನಿಮ್ಮ ಸಹಿ ಇದೆ, ನಂದೂ ಇದೆ.”

“ಏಳನ್ನೂ ಲಗತ್ತಿಸಿ.”

ದಫೇದಾರರು ಏಳು ಅರ್ಜಿಗಳನ್ನೂ ತಮ್ಮ ಸಹಿಯ ಏಳು ಉತ್ತರಗಳನ್ನೂ ಜೋಡಿಸಿ ಪಿನ್ ಹಾಕಿದರು. ಆಮೇಲೆ ಬರೆದರು.