ಮೂಲೆಯಲ್ಲಿ ಉಳಿದ ತಾರೀಖು

ಚಳಿ ಮುಗಿಯುತ್ತಿದ್ದ ಕಾಲ. ಸೋಮವಾರ, ಬೆಳಗ್ಗೆ ಏಳು ಗಂಟೆ. ಆಯಮ್ಮನ ಸೊಸೆ ಹಳೇ ತರಗತಿಯ ಬಾಗಿಲು ತೆರೆದವಳೇ ಕಿರುಚಿದಳು.

ಕಪ್ಪುಹಲಗೆಯ ಮೇಲಿದ್ದ ಪಾಠ ಮಾಯವಾಗಿತ್ತು.

ಅದು ಅಂತಿಂಥ ಪಾಠವಲ್ಲ. ಹನ್ನೆರಡು ವರ್ಷದ ಹಿಂದೆ ಮೇಷ್ಟ್ರು ಇದೇ ಕೋಣೆಯಲ್ಲಿ ಗಣಿತದ ಮೊದಲ ಪಾಠ ಕಲಿಸಿ, ಫೋನಿನಲ್ಲಿ ಚಿತ್ರೀಕರಿಸಿ, ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಈಗ ಅವರ ಆನ್‌ಲೈನ್ ಶಾಲೆಯಲ್ಲಿ ಲಕ್ಷಗಟ್ಟಲೆ ಮಕ್ಕಳು. ಹೆಚ್ಚು ಜನ ನೋಡುವ ಮೊದಲೇ ಆ ವಿಡಿಯೋ ಕಳೆದುಹೋಗಿತ್ತು. ಹಲಗೆಯ ಬರಹ ಮಾತ್ರ ಗಾಜಿನ ಹಿಂದೆ, ಪರದೆಯ ಮರೆಯಲ್ಲಿ ಉಳಿದಿತ್ತು. ಫೋಟೋ ತೆಗೆಯಲೂ ಮೇಷ್ಟ್ರು ಯಾರಿಗೂ ಬಿಟ್ಟಿರಲಿಲ್ಲ. ಈಗ ಅವರ ಬದುಕನ್ನೇ ಟಿವಿ ಧಾರಾವಾಹಿ ಮಾಡುತ್ತಿದ್ದರು. ಈ ಸೋಮವಾರ ಆ ಹಲಗೆಯ ಚಿತ್ರೀಕರಣವಿತ್ತು.

"ಗಾಜಿನ ಬೀಗದಕೈ ಇರೋದು ಮೇಷ್ಟ್ರ ಹತ್ರ, ಇವಳ ಹತ್ರ," ಎಂದ ನಿರ್ಮಾಪಕ. "ಒರೆಸೋ ಹೆಂಗಸು ಒರೆಸಿದಾಳೆ, ಅಷ್ಟೇ. ಪೊಲೀಸರಿಗೆ ಕೊಡಿ."

"ನಾನಲ್ಲ ಅತ್ತೆ!"

"ಅಳಬೇಡ ಕಣೇ," ಎಂದಳು ಆಯಮ್ಮ. "ಅತ್ರೆ ಒಪ್ಕೊಂಡ್ಳು ಅಂತಾರೆ."

ಆ ಶಾಲೆಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದವಳು ಆಯಮ್ಮ; ಈಗ ಆ ಕೆಲಸ ಸೊಸೆಯದು. ಆಕೆಗೆ ಅಕ್ಷರ ಬಾರದು. ಅಂಕಿ ಬರುತ್ತಿತ್ತು.

*

ಮೇಷ್ಟ್ರೂ ಧಾರಾವಾಹಿಯ ತಂಡವೂ ನಿಂತಿದ್ದ ಕೋಣೆಗೆ ಇನ್ಸ್‌ಪೆಕ್ಟರ್ ಬಂದರು. ಮೇಷ್ಟ್ರ ಪಾತ್ರ ಮಾಡುತ್ತಿದ್ದ ನಟನ ತೋಳಿನ ಮೇಲೆ ಅವರ ಕಣ್ಣು ಬಿತ್ತು.

"ಇದೇನ್ರೀ, ಸೀಮೆಸುಣ್ಣದ ಪುಡಿ?"

"ಪಕ್ಕದ ಕೋಣೇಲಿ ಬೇರೆ ಹಲಗೆ ಇದೆ ಸಾರ್. ಬೆಳಗ್ಗೆ ಅಭ್ಯಾಸ ಮಾಡ್ತಿದ್ದೆ."

"ನಿನ್ನೆ ಮೇಷ್ಟ್ರ ಜೊತೆ ಜಗಳ ಆಯ್ತಂತೆ?"

ನಟ ತಲೆ ತಗ್ಗಿಸಿದ. "ಹಲಗೆ ಒರೆಸೋಕೂ ಬರಲ್ಲ ಅಂತ ಎಲ್ಲರೆದುರು ಬೈದ್ರು."

"ಗಾಜಿನ ಬೀಗದಕೈ?"

"ನಿನ್ನೆ ಸಂಜೆ ಆಯಮ್ಮನ ಸೊಸೆ ಹತ್ರ ಇಸ್ಕೊಂಡಿದ್ದೆ. ಒಂದ್ಸಲ ನೋಡಿ ವಾಪಸ್ ಕೊಟ್ಟೆ."

ನಿರ್ಮಾಪಕನ ಮುಖ ಬಿಳಿಚಿತು. ನಟ ಜೈಲಿಗೆ ಹೋದರೆ ಧಾರಾವಾಹಿಯೂ ಹೋದಂತೆ. "ಅವನಲ್ಲ ಸಾರ್, ಅವಳೇ!"

ಆಯಮ್ಮ ಸದ್ದಿಲ್ಲದೆ ಪಕ್ಕದ ಕೋಣೆಗೆ ಹೋದಳು. ನಟ ಒರೆಸಿದ್ದ ಹಲಗೆ ನೋಡಿದಳು. ಕಿಟಕಿ ಗಾಜು ಉಜ್ಜಿದಂತೆ ಸುತ್ತು ಸುತ್ತಾಗಿ, ಮೂಲೆಯಿಂದ ಮೂಲೆಗೆ ಒರೆಸಿದ್ದ. ಒಂದು ಚುಕ್ಕೆಯೂ ಉಳಿದಿರಲಿಲ್ಲ.

ಹಿಂದಿರುಗಿ ಹಳೇ ಹಲಗೆಯ ಮುಂದೆ ಬಹಳ ಹೊತ್ತು ನಿಂತಳು.

*

"ಸಾಹೇಬ್ರೇ, ಆ ಎಡಗಡೆ ಮೂಲೇಲಿ ಏನಿದೆ?"

"ಹಳೇ ತಾರೀಖು."

"ಉಳಿದಿದ್ದೆಲ್ಲ ಅಳಿಸಿದೋನು ಅದನ್ಯಾಕೆ ಬಿಟ್ಟ?"

ಆಯಮ್ಮ ಹಲಗೆಯ ಹತ್ತಿರಕ್ಕೆ ಹೋದಳು.

"ನನ್ನ ಸೊಸೆ ಒರೆಸಿದ್ರೆ ಚೌಕಟ್ಟೂ ತೊಳೀತಿದ್ಲು. ಈ ಹುಡುಗ ಹೆಂಗೆ ಒರೆಸ್ತಾನೆ ಅಂತ ಪಕ್ಕದಲ್ಲೇ ಹೋಗಿ ನೋಡಿ. ಇಲ್ಲಿ ಮೇಲಿಂದ ಕೆಳಕ್ಕೆ, ನೆಟ್ಟಗೆ, ಪಟ್ಟಿಪಟ್ಟಿ. ತಾರೀಖು ಹಂಗೇ. ಯಾಕಂದ್ರೆ ಮುಂದಿನ ಪಾಠಕ್ಕೂ ಅದೇ ತಾರೀಖು ಬೇಕಲ್ಲ. ಪಾಠ ಮಾಡಿದ ಕೈ ಅದನ್ನ ತಾನಾಗೇ ಬಿಟ್ಬಿಡುತ್ತೆ."

"ಆಯಮ್ಮ, ಇಷ್ಟಕ್ಕೇ ನನ್ನ ಮೇಲೆ ಹೊರಿಸ್ತೀಯಾ?" ಮೇಷ್ಟ್ರ ದನಿ ಏರಿತು.

"ನಾನ್ಯಾರ ಹೆಸರೂ ಎತ್ತಲಿಲ್ಲವಲ್ಲಪ್ಪ."

"ಕುಂಬಳಕಾಯಿ ಕಳ್ಳ ಅಂದ್ರೆ..." ಇನ್ಸ್‌ಪೆಕ್ಟರ್ ಗಾದೆಯನ್ನು ಅರ್ಧಕ್ಕೇ ಬಿಟ್ಟರು. ಮೇಷ್ಟ್ರು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

"ಇನ್ನೊಂದು ನೋಡಿ," ಎಂದಳು ಆಯಮ್ಮ. "ತಾರೀಖಿನ ಏಳರ ಸೊಂಟಕ್ಕೆ ಅಡ್ಡಗೀಟು ಇದೆ. ಮೇಷ್ಟ್ರು ಹಂಗೆ ಬರೆಯೋದಿಲ್ಲ. ಬರೀತಿದ್ದೋರು ಗಣಿತದ ಟೀಚರಮ್ಮ. ಅವರ ಹಲಗೆ ದಿನಾ ತೊಳೀತಿದ್ದೋಳು ನಾನೇ."

ಧಾರಾವಾಹಿಯ ಕಥೆ ಬರೆಯುತ್ತಿದ್ದವಳು ಎದ್ದು ನಿಂತಳು. "ನಿನ್ನೆ ಪರದೆ ಸರಿಸಿದಾಗ ನಾನೇ ಮೇಷ್ಟ್ರನ್ನ ಕೇಳಿದ್ದೆ, ಇದು ನಿಮ್ಮ ಬರಹದ ಥರ ಇಲ್ವಲ್ಲ ಅಂತ. ನಾಳೆ ಹೇಳ್ತೀನಿ ಅಂದಿದ್ರು."

ಮೇಷ್ಟ್ರು ಮಕ್ಕಳ ಬೆಂಚಿನ ಮೇಲೆ ಕುಸಿದರು.

"ಮೊದಲ ಪಾಠ ಅವರದು. ನಾನು ಫೋನ್ ಹಿಡಿದಿದ್ದೆ, ಅಷ್ಟೇ. ಅದೇ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗ ಆಯ್ತು. ನಂದೇ ಅಂತ ಒಂದ್ಸಲ ಹೇಳಿದೆ. ಆಮೇಲೆ ಹೇಳ್ತಾನೇ ಹೋದೆ."

"ಹನ್ನೆರಡು ವರ್ಷ ಯಾಕೆ ಇಟ್ಕೊಂಡಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಅಳಿಸೋಕೆ ಕೈ ಬರಲಿಲ್ಲ."

"ಇವತ್ತು ಬಂತು. ಜೈಲಿಗೆ ಹೋಗ್ತಿದ್ದೋಳು ನನ್ನ ಸೊಸೆ," ಎಂದಳು ಆಯಮ್ಮ.

*

ಬುಧವಾರ ಟೀಚರಮ್ಮನನ್ನು ಕರೆಸಿದರು. ತಲೆ ಪೂರ್ತಿ ನರೆತಿತ್ತು. ತಾರೀಖನ್ನು ಮುಟ್ಟದೆ, ಅದೇ ಪಾಠವನ್ನು ಮತ್ತೆ ಬರೆದರು. ಕ್ಯಾಮೆರಾ ಓಡಿತು.

ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ತಮ್ಮ ಬೀಗದಕೈಯನ್ನು ಆಯಮ್ಮನ ಸೊಸೆಯ ಅಂಗೈಗಿಟ್ಟು, ಯಾರಿಗೂ ಹೇಳದೆ, ಶುಕ್ರವಾರ ಹೊರಟುಹೋದರು.